ಹೆಸರು ಹಾಕಿ, ವಿಳಾಸ ಹಾಕಿ, ಕನ್ನಡದಲ್ಲಿ ಹಾಕಿ!



ಕೈಯಲ್ಲಿರುವ ಈ ಪತ್ರಿಕೆಯನ್ನು ಒಮ್ಮೆ ತಿರುಗಿಸಿ ಕೊನೆಯ ಪುಟದ ತಳಭಾಗ ನೋಡಿ. ಇರುವೆ ಹರಿದಂಥ ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿದೆ. ಸಂಪಾದಕರು ಯಾರು, ಪ್ರಕಾಶಕರು ಯಾರು, ಮುದ್ರಣವಾದದ್ದು ಎಲ್ಲಿ ಎಂದು ಹೇಳುವ ಸಾಲು. ನಿಮ್ಮಲ್ಲಿ ಯಾರೂ ಅದನ್ನು ಓದುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಇಡೀ ಪತ್ರಿಕೆಯಲ್ಲಿ ನನ್ನ ನಿದ್ದೆ ಕೆಡಿಸುವ ಸಾಲು ಅದೊಂದೇ. ಒಳಗೆ ಸುಳ್ಳು ಅಚ್ಚಾದರೆ, ಯಾರದಾದರೂ ಮಾನ ಹೋದರೆ, ನೋಟೀಸು ಬರುವುದು ಆ ಸಾಲಿನಲ್ಲಿರುವ ವಿಳಾಸಕ್ಕೆ. 1867ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆ ಈ ಸಾಲನ್ನು ಮುದ್ರಕರ ಕೊರಳಿಗೆ ಕಟ್ಟಿತು. ಅವರು ಕಟ್ಟಿದ್ದು ನಮ್ಮ ಬಾಯಿ ಮುಚ್ಚಿಸಲಿಕ್ಕೆ, ಅದು ಬೇರೆ ಮಾತು. ಆ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಬಂದಿದೆ. ಸಾಲು ಮಾತ್ರ ಹೋಗಿಲ್ಲ.

ಚುನಾವಣೆ ಬಂದರಂತೂ ಕೇಳಲೇಬೇಡಿ. 2021ರ ಏಪ್ರಿಲ್‌ನಲ್ಲಿ ನಮ್ಮ ಬಸವಕಲ್ಯಾಣಕ್ಕೆ ಉಪಚುನಾವಣೆ ಬಂದಾಗ ಊರಿನ ಪ್ರೆಸ್‌ಗಳವರೆಲ್ಲ ಹಗಲುರಾತ್ರಿ ದುಡಿದೆವು. ಅಂಗೈಯಗಲದ ಒಂದು ಕರಪತ್ರ ಇರಲಿ, ಅದರ ಮೇಲೆ ಮುದ್ರಕನ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಕಲಂ 127-ಎ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಓದಿ ಮೂರು ನಿಮಿಷದಲ್ಲಿ ಮುದ್ದೆ ಮಾಡಿ ಎಸೆಯುವ ಕಾಗದಕ್ಕೆ ಇಷ್ಟು ಹೊಣೆ!

ಈಗ ನಿಮ್ಮ ಮೊಬೈಲು ಚಾರ್ಜರ್ ಕೈಗೆ ತೆಗೆದುಕೊಳ್ಳಿ. ರಾತ್ರಿಯಿಡೀ ನಿಮ್ಮ ತಲೆದಿಂಬಿನ ಪಕ್ಕದಲ್ಲಿ 230 ವೋಲ್ಟಿಗೆ ಸಿಕ್ಕಿಸಿಕೊಂಡು ಕೂತಿರುವ ಆ ಚಾರ್ಜರ್ ಮಾಡಿದವರು ಯಾರು? ಎಲ್ಲಿಯವರು? ಅದು ಸುಟ್ಟು ನಿಮ್ಮ ಹಾಸಿಗೆಗೆ ಬೆಂಕಿ ಹತ್ತಿದರೆ ಯಾರ ಬಾಗಿಲು ತಟ್ಟುತ್ತೀರಿ? ಬ್ಯಾಟರಿ ಹಾಕಿಕೊಂಡು ಕುಳಿತು ಓದಿದರೂ ಸಿಗದಂಥ ಅಕ್ಷರದಲ್ಲಿ ಏನೋ ಇದೆ. ಬಹಳಷ್ಟು ಚಾರ್ಜರ್‌ಗಳ ಮೇಲೆ ಅದೂ ಇಲ್ಲ.

ಇಷ್ಟು ಬರೆದು ಯಾರನ್ನೋ ಬೈದು ಕೈತೊಳೆದುಕೊಳ್ಳಬಹುದಿತ್ತು. ಸಂಪಾದಕೀಯ ಎಂದರೆ ಬಹಳ ಸಲ ಅದೇ. ಆದರೆ ಈ ವಿಷಯದಲ್ಲಿ ಬೈಗುಳ ಮೊದಲು ನನ್ನ ಕಡೆಗೇ ತಿರುಗಬೇಕು.

2013ರ ದೀಪಾವಳಿಯ ಮುಂಚಿನ ದಿನಗಳು. ನನ್ನ ಪ್ರೆಸ್ಸಿಗೆ ಒಬ್ಬ ಗಿರಾಕಿ ಬಂದ. ನೀರು ಕಾಯಿಸುವ ರಾಡ್‌ನ ಡಬ್ಬಿ ಅಚ್ಚು ಹಾಕಿಸಬೇಕಿತ್ತು. ಮೂರು ಸಾವಿರ ಡಬ್ಬಿ, ಎರಡು ಬಣ್ಣ, ಕೈಯಲ್ಲಿ ರೊಕ್ಕ. ಆತ ತಂದ ಮಾದರಿಯಲ್ಲಿ ರಾಡ್‌ನ ಚಿತ್ರ, ಒಂದು ಹೆಸರು, ಐಎಸ್‌ಐ ಗುರುತು ಇದ್ದವು. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಎಚ್ಚರಿಕೆ ಇತ್ತು: ಸ್ವಿಚ್ ಆರಿಸದೆ ನೀರು ಮುಟ್ಟಬೇಡಿ, ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಬೇಡಿ ಎಂದು. ಡಬ್ಬಿ ಚಿಕ್ಕದು, ಚಿತ್ರ ಇಕ್ಕಟ್ಟಾಗುತ್ತಿತ್ತು. ಆತ ಹೇಳಿದ: “ಮಾಲಕರೇ, ಈ ಎರಡು ಲೈನ್ ತೆಗೀರಿ. ಫೋಟೋ ದೊಡ್ಡದು ಬರಲಿ. ಇಂಗ್ಲಿಷ್ ಯಾರ್ ಓದ್ತಾರ ಇಲ್ಲಿ?”

ನಾನು ತೆಗೆದೆ. ಕನ್ನಡದಲ್ಲಾದರೂ ಹಾಕೋಣವೇ ಎಂದು ಕೇಳಲಿಲ್ಲ. ಐಎಸ್‌ಐ ಗುರುತಿನ ಕೆಳಗೆ ಲೈಸೆನ್ಸ್ ನಂಬರ್ ಯಾಕಿಲ್ಲ ಎಂದು ಕೇಳಲಿಲ್ಲ. ತಯಾರಕನ ವಿಳಾಸ ಎಲ್ಲಿ ಎಂದೂ ಕೇಳಲಿಲ್ಲ. ನನ್ನದು ಕಾಗದ, ಇಂಕಿನ ಕೆಲಸ, ಒಳಗಿನ ಮಾಲು ನನ್ನದಲ್ಲ ಎಂಬ ಧೋರಣೆ. ಬಿಲ್ ಬುಕ್ಕಿನಲ್ಲಿ ಆತನ ಬರೀ ಹೆಸರು ಬರೆದುಕೊಂಡೆ. ಅಡ್ಡಹೆಸರಿಲ್ಲ, ಊರಿಲ್ಲ.

ಮುಂದಿನ ಜನವರಿಯಲ್ಲಿ ಹುಮನಾಬಾದಿನಿಂದ ಫೋನು. ನನ್ನ ಅಕ್ಕನ ಸೊಸೆಗೆ ಕರೆಂಟ್ ಹೊಡೆದಿತ್ತು. ಬೆಳಗಿನ ಚಳಿಯಲ್ಲಿ ಬಕೆಟ್ಟಿನಲ್ಲಿ ರಾಡ್ ಇಟ್ಟು, ಕಾದಿದೆಯೋ ಇಲ್ಲವೋ ಎಂದು ಬೆರಳು ಅದ್ದಿದ್ದಾಳೆ. ನಮ್ಮ ಕಡೆಯ ಎಲ್ಲ ಹೆಣ್ಣುಮಕ್ಕಳು ಮಾಡುವುದೇ ಹಾಗೆ. ಜೀವ ಉಳಿಯಿತು. ಬಲಗೈಯ ಎರಡು ಬೆರಳಿಗೆ ಸ್ಪರ್ಶ ಬರಲಿಲ್ಲ. ಆಕೆ ಬ್ಲೌಸ್ ಹೊಲಿದು ಮನೆ ನಡೆಸುತ್ತಿದ್ದವಳು.

ನೋಡಲು ಹೋದಾಗ ಅಕ್ಕ ಡಬ್ಬಿ ತಂದು ತೋರಿಸಿದಳು. “ಐಎಸ್‌ಐ ಅದ ಅಂತ ನೋಡೇ ತಂದಿದ್ದೆವಲ್ಲೋ ತಮ್ಮಾ” ಎಂದಳು. ನಾನು ಡಬ್ಬಿ ನೋಡಿದೆ. ಕೆಂಪು ಬಣ್ಣ ಕಪ್ಪು ಗೆರೆಯಿಂದ ಕೂದಲಷ್ಟು ಹೊರಗೆ ಸರಿದಿತ್ತು. ಆ ಸಲ ನನ್ನ ಯಂತ್ರದಲ್ಲಿ ರಿಜಿಸ್ಟ್ರೇಷನ್ ತಪ್ಪಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅದು ನನ್ನ ಡಬ್ಬಿ!

ಮಾರಿದ ದುಕಾನದವನನ್ನು ಕೇಳಿದೆವು. ಟೆಂಪೋದಲ್ಲಿ ಬಂದು ಹಾಕಿ ಹೋದ ಮಾಲು, ಬಿಲ್ಲಿಲ್ಲ, ಬರೀ ಚೀಟಿ. ಚೀಟಿಯ ಮೇಲಿನ ಮೊಬೈಲು ಬಂದ್ ಆಗಿತ್ತು. ರಾಡ್ ಮಾಡಿದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆ ಸರಪಳಿಯಲ್ಲಿ ಕೈಗೆ ಸಿಗಬಹುದಾಗಿದ್ದ ಮನುಷ್ಯ ನಾನೊಬ್ಬನೇ. ನನ್ನ ಹೆಸರೂ ಡಬ್ಬಿಯ ಮೇಲಿರಲಿಲ್ಲ. ನಾನು ಸುಮ್ಮನಿದ್ದೆ. ಅಕ್ಕನಿಗೆ ಸತ್ಯ ಹೇಳಿದ್ದು ಆರು ವರ್ಷದ ನಂತರ.

ಆಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಆ ರಾಡ್ ಬಿಚ್ಚಿ ತೋರಿಸಿದ. ಅದರ ಕೊಳವೆಯೊಳಗೆ ಕಾಯುವ ತಂತಿ ಇರುತ್ತದೆ. ತಂತಿ ಕೊಳವೆಗೆ ತಾಗದಂತೆ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಪುಡಿ ಒಣಗಿರುವವರೆಗೆ ಕರೆಂಟ್ ಹೊರಗೆ ಬರುವುದಿಲ್ಲ. ಕೊಳವೆಯ ಬಾಯಿ ಸರಿಯಾಗಿ ಮುಚ್ಚದಿದ್ದರೆ ಹಬೆ ಒಳಹೊಕ್ಕು ಪುಡಿ ಒದ್ದೆಯಾಗುತ್ತದೆ. ಆಗ ಕರೆಂಟ್ ಕೊಳವೆಗೆ, ಕೊಳವೆಯಿಂದ ನೀರಿಗೆ. ಮೂರನೆಯ ತಂತಿ, ಅಂದರೆ ಅರ್ಥಿಂಗ್, ಇದ್ದಿದ್ದರೆ ಅದು ನೆಲಕ್ಕೆ ಹರಿದುಹೋಗಿ ಫ್ಯೂಸ್ ಸುಡುತ್ತಿತ್ತು. ಈ ರಾಡ್‌ಗೆ ಎರಡೇ ತಂತಿ. ಬಾಯಿ ಮುಚ್ಚಲು ಮೇಣದಂಥ ಏನೋ ಮೆತ್ತಿದ್ದರು. ಮೂರನೆಯ ತಂತಿಯಲ್ಲಿ ಉಳಿಸಿದ್ದು ಎಷ್ಟು? ಹತ್ತೋ ಹದಿನೈದೋ ರೂಪಾಯಿ.

ಗೆಳೆಯರೇ, ಈ ರಾಡ್‌ಗೆ ಐಎಸ್‌ಐ ಎಂಬುದು ಅಲಂಕಾರವಲ್ಲ, ಕಡ್ಡಾಯ. ಅದಕ್ಕೆ ಐಎಸ್ 368 ಎಂಬ ಪ್ರತ್ಯೇಕ ಮಾನಕವೇ ಇದೆ. ಅಸಲಿ ಗುರುತಿನ ಮೇಲೆ ಆ ಮಾನಕದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತವೆ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹೊಡೆದರೆ ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಜೀವಂತ ಇದೆಯೋ ಸತ್ತಿದೆಯೋ ಎಂದು ಕಾಣಿಸುತ್ತದೆ. ಬರೀ ಗುರುತು ಯಾರು ಬೇಕಾದರೂ ಅಚ್ಚು ಹಾಕಬಹುದು. ನಾನೇ ಹಾಕಿದ್ದೆನಲ್ಲ! ಕಡ್ಡಾಯ ಮಾಡಿದ ಮಾಲನ್ನು ಲೈಸೆನ್ಸ್ ಇಲ್ಲದೆ ಮಾಡಿ ಮಾರಿದರೆ 2016ರ ಬಿಐಎಸ್ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು ಇದೆ, ಮೊದಲ ಸಲಕ್ಕೇ ಎರಡು ಲಕ್ಷಕ್ಕೆ ಕಡಿಮೆಯಿಲ್ಲದ ದಂಡವಿದೆ.

ಹಳ್ಳಿಯ ದುಕಾನದಲ್ಲಿ ಟೆಂಪೋ ಮಾಲು ಸಿಗುತ್ತದೆ, ಪಟ್ಟಣದವರಾದ ನಮಗೇನು, ನಾವು ಆನ್‌ಲೈನ್‌ನಲ್ಲಿ ದೊಡ್ಡ ಕಂಪನಿಯಿಂದ ತರಿಸುತ್ತೇವೆ ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ಮನೆಯ ಕುಕ್ಕರ್‌ಗೆ 2021ರ ಫೆಬ್ರವರಿಯಿಂದ ಐಎಸ್‌ಐ ಕಡ್ಡಾಯ. ಆಮೇಲೂ ಆ ಗುರುತಿಲ್ಲದ 2,265 ಕುಕ್ಕರ್‌ಗಳು ಅಮೆಜಾನ್ ಮೂಲಕ ಮಾರಾಟವಾಗಿದ್ದವು. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದಕ್ಕೆ ಹಾಕಿದ ದಂಡ ಒಂದು ಲಕ್ಷ ರೂಪಾಯಿ. ಕೊಂಡವರಿಗೆಲ್ಲ ತಿಳಿಸಿ, ಕುಕ್ಕರ್ ವಾಪಸ್ ಪಡೆದು, ಹಣ ಕೊಡಿ ಎಂದೂ ಹೇಳಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ದಂಡವನ್ನು ಕುಕ್ಕರ್ ಲೆಕ್ಕಕ್ಕೆ ಭಾಗಿಸಿ ನೋಡಿ: ಒಂದಕ್ಕೆ 44 ರೂಪಾಯಿ. ನಮ್ಮ ಊರಲ್ಲಿ ಅದಕ್ಕೆ ಗ್ಯಾಸ್ಕೆಟ್ ಕೂಡ ಬರುವುದಿಲ್ಲ.

ಹಾಗಾದರೆ ಕಾನೂನು ಇಲ್ಲವೇ? ಇದೆ. ಎಲ್ಲಿ ಇದೆ, ಎಲ್ಲಿ ತೂತು ಬಿದ್ದಿದೆ ಎಂದು ನಾವು ತಿಳಿದುಕೊಂಡಿಲ್ಲ ಅಷ್ಟೇ. 1986ರ ಹಳೆಯ ಗ್ರಾಹಕ ಕಾಯ್ದೆಯ ಜಾಗಕ್ಕೆ 2019ರ ಕಾಯ್ದೆ ಬಂದು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ ಹಿಂದೆ ಇಲ್ಲದ ಒಂದು ಅಧ್ಯಾಯ ಸೇರಿದೆ: ಉತ್ಪನ್ನ ಹೊಣೆಗಾರಿಕೆ. ಅದರ ಕಲಂ 84 ಏನು ಹೇಳುತ್ತದೆ? ಮಾಡುವಾಗ ದೋಷವಾಗಿದ್ದರೆ ತಯಾರಕ ಹೊಣೆ. ವಿನ್ಯಾಸದಲ್ಲೇ ದೋಷವಿದ್ದರೂ ಹೊಣೆ. ಕೊಟ್ಟ ಭರವಸೆಯಂತೆ ಮಾಲು ಇಲ್ಲದಿದ್ದರೂ ಹೊಣೆ. ಅಷ್ಟೇ ಅಲ್ಲ, ಸರಿಯಾಗಿ ಬಳಸುವ ಬಗೆಗೆ ಸಾಕಷ್ಟು ಸೂಚನೆ, ಅಪಾಯದ ಬಗೆಗೆ ಸಾಕಷ್ಟು ಎಚ್ಚರಿಕೆ ಕೊಡದಿದ್ದರೂ ಹೊಣೆ!

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಸಾಕಷ್ಟು ಸೂಚನೆ. ಯಾವ ಭಾಷೆಯಲ್ಲಿ ಸಾಕಷ್ಟು? ಏಳನೇ ಇಯತ್ತೆ ಕನ್ನಡ ಓದಿದ ಹುಮನಾಬಾದಿನ ಹೆಣ್ಣುಮಗಳಿಗೆ ಇಂಗ್ಲಿಷಿನ ಎರಡು ಸಾಲು ಸಾಕಷ್ಟೇ? ಕಾಯ್ದೆ ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ಇನ್ನೊಂದು ಕಡೆ, ಪೊಟ್ಟಣದ ಮಾಲುಗಳ ಬಗೆಗಿನ 2011ರ ಕಾನೂನುಮಾಪನ ನಿಯಮ ಬಾಯಿ ಬಿಟ್ಟಿದೆ: ಬೆಲೆ, ತೂಕ, ತಯಾರಕನ ವಿಳಾಸ ಇತ್ಯಾದಿ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆ? ಬೇಕಾದರೆ ಜೊತೆಗೆ ಹಾಕಿಕೊಳ್ಳಿ, ಅಡ್ಡಿಯಿಲ್ಲ. ಏನು ಉದಾರ ಮನಸ್ಸು! ನಮ್ಮ ನೆಲದಲ್ಲಿ, ನಮ್ಮ ರೊಕ್ಕಕ್ಕೆ ಮಾರುವ ಮಾಲಿನ ಮೇಲೆ ನಮ್ಮ ಭಾಷೆಗೆ ಸಿಕ್ಕ ಸ್ಥಾನ ‘ಅಡ್ಡಿಯಿಲ್ಲ’.

ಆಗದ ಕೆಲಸವಲ್ಲ ಇದು. ನಮ್ಮ ತೊಗರಿ, ಸೋಯಾ ಹೊಲಗಳಿಗೆ ಹೊಡೆಯುವ ಔಷಧದ ಡಬ್ಬಿ ತೆರೆದು ನೋಡಿ. 1971ರ ಕೀಟನಾಶಕ ನಿಯಮದ ಪ್ರಕಾರ ಅದರೊಳಗಿನ ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದ ಒಂದೆರಡು ಭಾಷೆಯಲ್ಲಿ ಇರಲೇಬೇಕು. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷದ ಪ್ರಮಾಣಕ್ಕೆ ತಕ್ಕ ಬಣ್ಣದ ಗುರುತೂ ಇರಬೇಕು. ಓದು ಬಾರದ ರೈತನಿಗೂ ಕೆಂಪು ಎಂದರೆ ಗೊತ್ತಾಗಲಿ ಎಂದು. ಆ ಚೀಟಿಯ ಅಕ್ಷರ ಓದಲು ಭೂತಗನ್ನಡಿ ಬೇಕು, ಕನ್ನಡವೂ ಯಾರೋ ಅರೆಬರೆ ಬಲ್ಲವರು ಮಾಡಿದ ಅನುವಾದದಂತಿರುತ್ತದೆ, ಮುದ್ರಕನಾಗಿ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೂ ಕಟ್ಟಳೆ ಇದೆ. ಹುಳ ಸಾಯಿಸುವ ಡಬ್ಬಿಗೆ ಅನ್ವಯಿಸುವ ನ್ಯಾಯ ಮನುಷ್ಯ ಮುಟ್ಟುವ ರಾಡ್‌ಗೆ ಯಾಕಿಲ್ಲ?

ನಮ್ಮ ರಾಜ್ಯ ಸರ್ಕಾರ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಆಧಾರದ ಮೇಲೆ 2025ರ ಫೆಬ್ರವರಿಯಲ್ಲಿ ಒಂದು ಆದೇಶ ಹೊರಡಿಸಿತು. ಕರ್ನಾಟಕದಲ್ಲಿ ತಯಾರಾಗುವ ಮಾಲುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದು. ಒಳ್ಳೆಯದು, ಸ್ವಾಗತ. ಆದರೆ ‘ಕರ್ನಾಟಕದಲ್ಲಿ ತಯಾರಾಗುವ’ ಎಂಬ ಪದ ಗಮನಿಸಿ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ತಯಾರಾದದ್ದಕ್ಕೆ ಅದು ತಾಗುತ್ತದೆ. ನಮ್ಮ ಬಸವಕಲ್ಯಾಣದಂಥ ಗಡಿ ಊರಿನ ಅಂಗಡಿಗೆ ಮಾಲು ಬರುವುದು ಮೂರು ರಾಜ್ಯದಿಂದ. ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾ ದಾಟಿ ಬರುವ ಲಾರಿಯ ಮಾಲಿಗೆ ಈ ಆದೇಶ ತಾಗುವುದಿಲ್ಲ. ಅಕ್ಕನ ಮನೆಯ ರಾಡ್‌ಗೂ ತಾಗುತ್ತಿರಲಿಲ್ಲ.

ಭಾಷೆಯೊಂದೇ ಇದ್ದರೆ ಸಾಕೆಂದು ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಸುಳ್ಳು ಅಚ್ಚು ಹಾಕಿದರೆ ಅದು ಕನ್ನಡದ ಸುಳ್ಳು, ಅಷ್ಟೇ. ಹೆಸರು ಬೇಕು, ವಿಳಾಸ ಬೇಕು, ಬ್ಯಾಚ್ ನಂಬರ್ ಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಐದು ಜೀವ ಹೋದವು. ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲೆ ಶಂಕೆ ಬಂತು. ರಾಜ್ಯ ಸರ್ಕಾರ ಪಶ್ಚಿಮ ಬಂಗಾಳದ ಆ ಕಂಪನಿಯ ಮಾಲಿನ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಸತ್ತವರು ವಾಪಸ್ ಬರಲಿಲ್ಲ. ಆದರೆ ಬಾಟಲಿಯ ಮೇಲೆ ಹೆಸರು, ಬ್ಯಾಚು ಇದ್ದುದರಿಂದ ಉಳಿದ ಜಿಲ್ಲೆಗಳ ಕಪಾಟಿನಿಂದ ಅವನ್ನು ಹುಡುಕಿ ತೆಗೆಯಲು ಬಂತು. ರಾಡ್ ವಿಷಯದಲ್ಲಿ ನಾನು ಅಚ್ಚು ಹಾಕಿದ ಉಳಿದ 2,999 ಡಬ್ಬಿ ಯಾವ ಯಾವ ಮನೆಯಲ್ಲಿದ್ದವೋ, ಹೇಗೆ ಹುಡುಕುವುದು?

ಈಗ ಹೊಸ ಕಾಲದ ಮಾಲಿನ ಕಡೆ ಬರೋಣ. ಇಲ್ಲಿ ಹೆಸರು ದೊಡ್ಡದಾಗಿಯೇ ಇರುತ್ತದೆ, ದೇಶಕ್ಕೆಲ್ಲ ಗೊತ್ತಿರುತ್ತದೆ. ಸಿಗುವುದಿಲ್ಲವಾದದ್ದು ಮನುಷ್ಯ.

2024ರ ಸೆಪ್ಟೆಂಬರ್ 10. ಹುಮನಾಬಾದಿನಿಂದ ಬಸ್ಸು ಹತ್ತಿದರೆ ಒಂದೂವರೆ ತಾಸಿನ ಹಾದಿ ಕಲಬುರ್ಗಿ. ಅಲ್ಲಿ 26 ವಯಸ್ಸಿನ ಒಬ್ಬ ಯುವಕ ಓಲಾ ಎಲೆಕ್ಟ್ರಿಕ್ ಷೋರೂಮಿಗೆ ಪೆಟ್ರೋಲ್ ಸುರಿದು ಬೆಂಕಿ ಇಟ್ಟ. ಆಗಸ್ಟ್ ಕೊನೆಗೆ ಕೊಂಡ ಸ್ಕೂಟರ್ ಕೈಕೊಟ್ಟಿತ್ತು, ಮತ್ತೆ ಮತ್ತೆ ಷೋರೂಮಿಗೆ ಅಲೆದರೂ ರಿಪೇರಿಯಾಗಲಿಲ್ಲ ಎಂಬುದು ಆತನ ಸಿಟ್ಟು. ಆರು ವಾಹನ ಸುಟ್ಟವು. ಆತ ಜೈಲಿಗೆ ಹೋದ. ಅವನೇ ಒಬ್ಬ ಮೆಕ್ಯಾನಿಕ್ ಎಂದು ಪತ್ರಿಕೆಗಳು ಬರೆದವು. ಬೆಂಕಿ ಇಟ್ಟದ್ದು ತಪ್ಪು, ಎರಡು ಮಾತಿಲ್ಲ. ಒಳಗೆ ಸಂಬಳಕ್ಕೆ ದುಡಿಯುವ ನಮ್ಮದೇ ಹುಡುಗರಿರುತ್ತಾರೆ, ಸ್ಕೂಟರ್ ಮಾಡಿದವನು ಅಲ್ಲಿರುವುದಿಲ್ಲ. ಆದರೆ ಒಬ್ಬ ಮೆಕ್ಯಾನಿಕ್ಕಿಗೆ ತನ್ನ ಸ್ವಂತ ಗಾಡಿ ಬಿಚ್ಚಿ ನೋಡಲಿಕ್ಕಾಗದಂಥ ಗಾಡಿ ಬಂದಿದೆಯಲ್ಲ, ಅದರ ಬಗ್ಗೆ ಯೋಚಿಸಿ.

ಮುಂದಿನ ತಿಂಗಳು ಗ್ರಾಹಕ ರಕ್ಷಣಾ ಪ್ರಾಧಿಕಾರ ಅದೇ ಕಂಪನಿಗೆ ನೋಟೀಸು ಕೊಟ್ಟಿತು. ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ದೂರು 10,644. ಅದರಲ್ಲಿ 99.1 ಶೇಕಡಾ ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ನವೆಂಬರ್‌ನಲ್ಲಿ ತನಿಖೆಗೆ ಆದೇಶವಾಯಿತು. ಅದಕ್ಕೂ ಮೊದಲು, 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಬೇರೆ ಬೇರೆ ಕಂಪನಿಗಳ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದಾಗ ಈ ಕಂಪನಿ 1,441, ಒಕಿನಾವಾ 3,215 ಸ್ಕೂಟರ್ ಪರೀಕ್ಷೆಗೆ ವಾಪಸ್ ಕರೆದವು. ಬ್ಯಾಟರಿಗೆ ಬಿಗಿ ಪರೀಕ್ಷೆಯ ನಿಯಮ ಬಂದದ್ದು ಆಮೇಲೆ, 2022ರ ಡಿಸೆಂಬರ್‌ನಿಂದ ಎರಡು ಹಂತದಲ್ಲಿ. ಮೊದಲು ಮಾರಾಟ, ಆಮೇಲೆ ಬೆಂಕಿ, ಕೊನೆಗೆ ನಿಯಮ. ನಮ್ಮ ದೇಶದ ಕ್ರಮ ಇದು.

ಗೆಳೆಯರೇ, ಇಂಥ ಗಾಡಿಗೆ ರೊಕ್ಕ ಕಟ್ಟಿ ಇದು ನನ್ನದು ಎಂದುಕೊಳ್ಳುತ್ತೀರಿ. ಆದರೆ ಅದರ ಬುದ್ಧಿ ಕಂಪನಿಯ ಕೈಯಲ್ಲೇ ಇರುತ್ತದೆ. ರಾತ್ರೋರಾತ್ರಿ ಅಪ್‌ಡೇಟ್ ಬಂದು ನಿಮ್ಮ ಗಾಡಿಯ ನಡೆ ಬದಲಾಗಬಹುದು, ಫೋನು ನಿಧಾನವಾಗಬಹುದು. ಏನು ಬದಲಾಯಿತೆಂದು ಹೇಳುವ ಚೀಟಿ ಹತ್ತು ಪುಟದ ಇಂಗ್ಲಿಷು. ನೀವು ‘ಒಪ್ಪಿದೆ’ ಎಂದು ಒತ್ತುತ್ತೀರಿ, ನಾನೂ ಒತ್ತುತ್ತೇನೆ. ಕೆಟ್ಟರೆ ಫೋನು ಮಾಡಿ: ಹಿಂದಿಗೆ 1 ಒತ್ತಿ, ಇಂಗ್ಲಿಷಿಗೆ 2 ಒತ್ತಿ. ಕನ್ನಡಕ್ಕೆ ಏನು ಒತ್ತಬೇಕು? ನಂಬರ್ ಸಿಗದೆ ಗೂಗಲ್‌ನಲ್ಲಿ ಹುಡುಕಿದವರು ಕಸ್ಟಮರ್ ಕೇರ್ ವೇಷದ ಕಳ್ಳರ ಕೈಗೆ ಸಿಕ್ಕು ಬ್ಯಾಂಕ್ ಖಾತೆ ಖಾಲಿ ಮಾಡಿಕೊಂಡ ಸುದ್ದಿ ವಾರಕ್ಕೊಂದು ಬರುತ್ತದೆ. ಅಸಲಿ ನಂಬರು ಮಾಲಿನ ಮೈಮೇಲೆ ಕಾಣುವ ಅಕ್ಷರದಲ್ಲಿ ಇದ್ದಿದ್ದರೆ ಅವರು ಗೂಗಲ್‌ಗೆ ಯಾಕೆ ಹೋಗುತ್ತಿದ್ದರು? ಕೇಂದ್ರ ಸರ್ಕಾರವೋ 2022ರ ಜುಲೈನಲ್ಲಿ ಎಲೆಕ್ಟ್ರಾನಿಕ್ ಮಾಲಿನ ತಯಾರಕರಿಗೆ ಒಂದು ವರ್ಷದ ಮಟ್ಟಿಗೆ ರಿಯಾಯಿತಿ ಕೊಟ್ಟಿತು: ಫೋನ್ ನಂಬರ್, ಇಮೇಲ್ ಪೊಟ್ಟಣದ ಮೇಲಿರಲಿ, ವಿಳಾಸವನ್ನು ಬೇಕಾದರೆ ಕ್ಯೂಆರ್ ಕೋಡ್ ಒಳಗೆ ಹಾಕಿ ಎಂದು. ವಿಳಾಸವೆಂಬುದು ಕಣ್ಣಿಗೆ ಕಾಣಬೇಕಾದದ್ದು ಸ್ವಾಮಿ, ಚೌಕದೊಳಗೆ ಅಡಗಬೇಕಾದದ್ದಲ್ಲ.

ನಮ್ಮ ಬಸವಕಲ್ಯಾಣದ ಆಟೋನಗರಕ್ಕೆ ಒಮ್ಮೆ ಬಂದು ನೋಡಿ. ಲಾರಿಗೆ ಬಾಡಿ ಕಟ್ಟುವವರ, ವೆಲ್ಡಿಂಗಿನವರ, ಪೇಂಟರ್‌ಗಳ ಸಾಲು ಸಾಲು ಷೆಡ್ಡು. ಬಾಡಿ ಕಟ್ಟಿದವನು ಲಾರಿಯ ಮೈಮೇಲೆ ತನ್ನ ಹೆಸರು, ಊರು, ಮೊಬೈಲು ಬರೆಸುತ್ತಾನೆ. ಅದು ಜಾಹೀರಾತೂ ಹೌದು, ಜಾಮೀನೂ ಹೌದು. ಪಟ್ಟಿ ಕಿತ್ತರೆ ಡ್ರೈವರ್ ಎಲ್ಲಿದ್ದರೂ ಆ ನಂಬರಿಗೇ ಫೋನು ಹಚ್ಚಿ ಮೊದಲು ಬೈಯುತ್ತಾನೆ, ಆಮೇಲೆ ಮಾತಾಡುತ್ತಾನೆ. ಅಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರೆಂದು ನಾನು ಹೇಳುವುದಿಲ್ಲ. ಡೂಪ್ಲಿಕೇಟ್ ಬಿಡಿಭಾಗ ಎಲ್ಲ ಊರಲ್ಲೂ ಇದೆ. ಆದರೆ ಬೈಯಲು ಒಬ್ಬ ಮನುಷ್ಯ ಸಿಗುತ್ತಾನೆ, ಅವನಿಗೆ ನಿಮ್ಮ ಬೈಗುಳ ಅರ್ಥವಾಗುತ್ತದೆ.

ಇದೇ ಊರಿನಲ್ಲಿ ಎಂಟುನೂರು ವರ್ಷದ ಹಿಂದೆ ಶರಣರು ತಮ್ಮ ಮಾತಿಗೆ ಅಂಕಿತ ಹಾಕಿದರು. ಬಹುಪಾಲು ಎಲ್ಲರದೂ ಇಷ್ಟದೈವದ ಹೆಸರು. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಆಡಿದ್ದು ನಾನು, ಕೇಳುವುದಿದ್ದರೆ ನನ್ನನ್ನು ಕೇಳಿ ಎಂದಂತೆ. ದೇಶದ ದೊಡ್ಡ ದೊಡ್ಡ ಕಂಪನಿಗಳ ಎಂಡಿಗಳು ನಮ್ಮ ಅಂಬಿಗನ ಧೈರ್ಯದಲ್ಲಿ ಕಾಲುಭಾಗ ಕಲಿತರೂ ನಡೆದೀತು.

ಏನು ಮಾಡಬೇಕು ಎನ್ನುತ್ತೀರಾ? ಬೋರ್ಡಿಗೆ ಮಸಿ ಬಳಿಯುವುದು ನಮಗೆಲ್ಲ ಗೊತ್ತಿರುವ ಕೆಲಸ. ಇದು ಮಸಿ ಬಳಿಯುವ ಕೆಲಸವಲ್ಲ, ಮಸಿಯಿಂದ ಬರೆಯುವ ಕೆಲಸ. ಮೊದಲು ಬಿಲ್ಲು ಕೇಳಿ. ದುಕಾನದವರು ಸಿಡಿಮಿಡಿ ಮಾಡುತ್ತಾರೆ, ಮಾಡಲಿ. ಅವರಿಗೂ ಒಂದು ವಿಷಯ ತಿಳಿಸಿ: 2019ರ ಕಾಯ್ದೆಯ ಕಲಂ 86ರ ಪ್ರಕಾರ ತಯಾರಕ ಯಾರೆಂದೇ ಗೊತ್ತಿಲ್ಲದ ಮಾಲಿನಿಂದ ಅನಾಹುತವಾದರೆ ಮಾರಿದವನ ಮೇಲೂ ಹೊಣೆ ಬರುತ್ತದೆ. ಇದು ಗೊತ್ತಾದರೆ ಟೆಂಪೋದವನ ಹತ್ತಿರ ಮೊದಲು ವಿಳಾಸ ಕೇಳುವವನು ಅಂಗಡಿಯವನೇ. ಮಾಲು ಕೆಟ್ಟರೆ 1915ಕ್ಕೆ ಫೋನು ಮಾಡಿ. ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ, 17 ಭಾಷೆಯಲ್ಲಿ ನಡೆಯುತ್ತದೆ, ಕನ್ನಡವೂ ಇದೆ. ಕನ್ನಡದಲ್ಲೇ ಮಾತಾಡಿ. ಅಲ್ಲಿ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಮುಂಬೈಯಲ್ಲಿರಲಿ, ಗುರುಗ್ರಾಮದಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ನಮ್ಮವರಿಗೆ ಬೀದರ್ ಸಾಕು. ಐದು ಲಕ್ಷದವರೆಗಿನ ಮಾಲಿಗೆ ಶುಲ್ಕವೂ ಇಲ್ಲ, ವಕೀಲರು ಕಡ್ಡಾಯವೂ ಇಲ್ಲ.

ಆ ದೂರಿನಲ್ಲಿ ಒಂದು ಸಾಲು ಸೇರಿಸಿ ಎಂದು ನಾನು ಬೇಡಿಕೊಳ್ಳುತ್ತೇನೆ: ಬಳಕೆಯ ಸೂಚನೆ, ಅಪಾಯದ ಎಚ್ಚರಿಕೆ ನನಗೆ ತಿಳಿಯುವ ಭಾಷೆಯಲ್ಲಿ ಇರಲಿಲ್ಲ, ಆದ್ದರಿಂದ ಕಲಂ 84ರ ಪ್ರಕಾರ ಅದು ಸಾಕಷ್ಟಲ್ಲ. ಒಂದು ದೂರಿನಲ್ಲಿ ಬಂದರೆ ಪಕ್ಕಕ್ಕೆ ಸರಿಸುತ್ತಾರೆ. ಬೀದರ್, ಕಲಬುರ್ಗಿ, ಹುಬ್ಬಳ್ಳಿ, ಬೆಂಗಳೂರು, ಮಂಗಳೂರಿನಿಂದ ನೂರು ದೂರಿನಲ್ಲಿ ಬಂದರೆ ಯಾವುದೋ ಒಂದು ಆಯೋಗ ‘ಸಾಕಷ್ಟು’ ಎಂಬ ಪದಕ್ಕೆ ಅರ್ಥ ಹೇಳಲೇಬೇಕಾಗುತ್ತದೆ. ನಮ್ಮ ವಿರುದ್ಧ ಹೇಳಿದರೆ ಮೇಲಿನ ಆಯೋಗಕ್ಕೆ ಹೋಗೋಣ.

ಇನ್ನು ಬೆಂಗಳೂರಿನಲ್ಲಿ ಕಂಪನಿಗಳಲ್ಲಿರುವ ತಮ್ಮಂದಿರೇ, ತಂಗಿಯರೇ. ಈ ಆ್ಯಪ್ ಬರೆಯುವವರು, ಡಬ್ಬಿ ವಿನ್ಯಾಸ ಮಾಡುವವರು, ಸೂಚನೆಯ ಪುಸ್ತಕ ತಯಾರಿಸುವವರು ನಿಮ್ಮಲ್ಲೇ ಇದ್ದೀರಿ. ‘ಜಾಗ ಸಾಲುತ್ತಿಲ್ಲ, ಎರಡು ಸಾಲು ತೆಗೆಯಿರಿ’ ಎಂದು ಮೇಲಿನವರು ಹೇಳುವ ದಿನ ನಿಮಗೂ ಬರುತ್ತದೆ. ನನಗೆ ಬಂದಿತ್ತು.

ಅಕ್ಕನಿಗೆ ಸತ್ಯ ಹೇಳಿದ ದಿನ ಆಕೆ ತಾಸುಗಟ್ಟಲೆ ಮಾತಾಡಲಿಲ್ಲ. ಸೊಸೆಯೇ ಚಹಾ ತಂದಿಟ್ಟಳು. ಈಗ ಆಕೆ ಎಡಗೈಯಿಂದ ಬಟ್ಟೆ ಸರಿಸಿ ಹೊಲಿಯುವುದು ರೂಢಿ ಮಾಡಿಕೊಂಡಿದ್ದಾಳೆ, ಮೊದಲಿನ ಅರ್ಧ ಕೆಲಸವೂ ಆಗುವುದಿಲ್ಲ. “ಮಾಮಾ, ಇನ್ನ ಮುಂದ ಡಬ್ಬಿ ಛಾಪಸಾಕ ಬಂದ್ರ ಕನ್ನಡದಾಗ ಬರೀರಿ. ನನಗ ಓದಾಕ ಬರ್ತದ” ಎಂದಳು.

ಅಂದಿನಿಂದ ಲೇಬಲ್ ಆರ್ಡರ್ ಬಂದರೆ ಲೈಸೆನ್ಸ್ ಪ್ರತಿ, ತಯಾರಕನ ಪೂರ್ಣ ವಿಳಾಸ ಇಲ್ಲದೆ ಯಂತ್ರ ಓಡಿಸುವುದಿಲ್ಲ. ಎಚ್ಚರಿಕೆಯ ಸಾಲನ್ನು ಕನ್ನಡದಲ್ಲಿ ನಾನೇ ಬರೆದು ಸೇರಿಸುತ್ತೇನೆ, ಅದಕ್ಕೆ ರೊಕ್ಕ ತೆಗೆದುಕೊಳ್ಳುವುದಿಲ್ಲ. ಕೆಲವರು ಒಪ್ಪುತ್ತಾರೆ. ಹೋದ ತಿಂಗಳು ಇನ್ವರ್ಟರ್ ಬ್ಯಾಟರಿ ನೀರಿನ ಲೇಬಲ್ ಮಾಡಿಸಲು ಬಂದವನಿಗೆ ಕಾರ್ಖಾನೆ ಎಲ್ಲಿ ಎಂದು ಕೇಳಿದೆ. “ವಿಳಾಸ ಯಾತಕ್ಕ ಬೇಕ್ರಿ ನಿಮಗ?” ಎಂದು ಮಾದರಿ ಮಡಚಿ ಜೇಬಿಗಿಟ್ಟುಕೊಂಡು ಹೋದ. ಐದು ಸಾವಿರ ಲೇಬಲ್ಲಿನ ಆರ್ಡರು. ಎಲ್ಲಿ ಅಚ್ಚು ಹಾಕಿಸಿದನೋ ಗೊತ್ತಿಲ್ಲ.